ನೆಲವೇ ಡೊಂಕಿದ್ದರೆ?

ತೊಗರಿ ರಾಶಿ ಮುಗಿದು ಹೊಲಗಳು ಬೋಳಾದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ ಜಾಗದ ಬರ ಇರುವುದಿಲ್ಲ. ಹುಡುಗರು ಇದ್ದುದರಲ್ಲೇ ಮಟ್ಟಸವಾದ ಒಂದು ತುಂಡು ನೆಲ ನೋಡಿ, ಹೆಂಟೆ ಒಡೆದು, ಬಿರುಕು ಮುಚ್ಚಿ, ನೀರು ಚಿಮುಕಿಸಿ ಪಿಚ್ ಮಾಡಿಕೊಳ್ಳುತ್ತಾರೆ. ಬ್ಯಾಟು ಯಾರದೋ ಮನೆಯಿಂದ ಬರುತ್ತದೆ, ಚೆಂಡಿಗೆ ಎಲ್ಲರೂ ಸೇರಿ ದುಡ್ಡು ಹಾಕುತ್ತಾರೆ. ಸಿಗದವನು ಒಬ್ಬನೇ: ಅಂಪೈರ್. ಬಿಸಿಲಲ್ಲಿ ನಿಂತು ಎರಡೂ ಕಡೆಯವರಿಂದ ಬೈಸಿಕೊಳ್ಳುವ ಕೆಲಸಕ್ಕೆ ಯಾರು ಬರುತ್ತಾರೆ? ಅದಕ್ಕೆ ನಮ್ಮ ಹಳ್ಳಿ, ಗಲ್ಲಿಗಳೆಲ್ಲ ಬಹಳ ಹಿಂದೆಯೇ ಒಂದು ದಾರಿ ಕಂಡುಕೊಂಡಿವೆ. ಬ್ಯಾಟಿಂಗ್ ಮಾಡುವ ತಂಡದ ಹುಡುಗನೇ ಅಂಪೈರ್ ಆಗಿ ನಿಲ್ಲುವುದು.

ಯೋಚಿಸಿ ನೋಡಿದರೆ ಇದೊಂದು ವಿಚಿತ್ರ ವ್ಯವಸ್ಥೆ. ತನ್ನ ಗೆಳೆಯನನ್ನು ಔಟ್ ಎನ್ನಬೇಕಾದವನು ಅದೇ ತಂಡದವನು. ಇನ್ನೆರಡು ವಿಕೆಟ್ ಬಿದ್ದರೆ ಅವನೇ ಬ್ಯಾಟ್ ಹಿಡಿದು ಬರಬೇಕಾದವನು. "ಔಟ್ ಆಗ್ಯಾನಲೇ, ಸೌಂಡ್ ಕೇಳಿಲ್ಲೇನು?" ಎಂದು ಒಂದು ಕಡೆಯವರು ಕೂಗುತ್ತಾರೆ. "ಪ್ಯಾಂಟಿಗಿ ತಾಗ್ಯಾದ, ಬ್ಯಾಟಿಗಿಲ್ಲ" ಎಂದು ಇನ್ನೊಂದು ಕಡೆಯವರು. ನಡುವೆ ನಿಂತ ಹುಡುಗ ಬೆರಳೆತ್ತಿದರೆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ತನ್ನವರಿಂದಲೇ ಮಾತು ಕೇಳಬೇಕು. ಎತ್ತದಿದ್ದರೆ ಎದುರಿನವರು ಚೆಂಡು ತೆಗೆದುಕೊಂಡು ಹೊರಟುಬಿಡುತ್ತಾರೆ. ಆದರೂ ದಿನಕ್ಕೆ ಹತ್ತಾರು ಸಲ ಅವನು ಬೆರಳು ಎತ್ತುತ್ತಾನೆ, ಆಟ ನಡೆಯುತ್ತದೆ. ತನ್ನ ಕಡೆಯವನ ಬಗ್ಗೆ ತನ್ನ ಕಡೆಯವನೇ ನ್ಯಾಯ ಹೇಳುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಹಾಗಿದ್ದರೆ ಅದೇ ಹುಡುಗ ರಾತ್ರಿ ಟಿವಿ ಮುಂದೆಯೋ ಮೊಬೈಲ್ ಹಿಡಿದೋ ಕೂತು ಬೆಂಗಳೂರು ತಂಡದ ಪಂದ್ಯ ನೋಡುವಾಗ ಏನಾಗುತ್ತದೆ? ನಮ್ಮ ಬೌಲರ್ ಹಾಕಿದ ಚೆಂಡು ಪ್ಯಾಡಿಗೆ ಬಡಿದರೆ ಅದು ಔಟ್. ನಮ್ಮ ಬ್ಯಾಟ್ಸ್‌ಮನ್ ಪ್ಯಾಡಿಗೆ ಬಡಿದರೆ ಲೆಗ್ ಕಡೆ ಹೋಗುತ್ತಿತ್ತು. ಗೆದ್ದರೆ ತಂಡ ಗೆದ್ದಿತು, ಸೋತರೆ ಅಂಪೈರ್ ಸೋಲಿಸಿದ. ಬೆಳಗ್ಗೆ ಚಹಾದ ಅಂಗಡಿಯಲ್ಲಿ ಹನ್ನೊಂದು ಆಟಗಾರರ ಬಗ್ಗೆ ಹತ್ತು ನಿಮಿಷ, ಇಬ್ಬರು ಅಂಪೈರ್‌ಗಳ ಬಗ್ಗೆ ಅರ್ಧ ಗಂಟೆ ಮಾತು. ಮೈದಾನದಲ್ಲಿ ನಿಂತಾಗ ಇದ್ದ ನ್ಯಾಯಬುದ್ಧಿ ಬೇಲಿಯ ಆಚೆ ಕೂತಾಗ ಎಲ್ಲಿಗೆ ಹೋಗುತ್ತದೆ? ಅಭಿಮಾನಿಗೆ ಅದು ಇರಲೇಬೇಕೆಂದು ಕೇಳುವುದಾದರೂ ಸರಿಯೇ?

ಇಂಥ ದೂರುಗಳಿಗೆ ಕನ್ನಡದಲ್ಲಿ ಒಂದು ಸಿದ್ಧ ಉತ್ತರವಿದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಚುರುಕಾಗಿದೆ, ಎದುರಿನವನ ಬಾಯಿ ತಕ್ಷಣ ಮುಚ್ಚಿಸುತ್ತದೆ. ಆದರೆ ಅದರೊಳಗೆ ಯಾರೂ ಪರೀಕ್ಷಿಸದ ಒಂದು ನಂಬಿಕೆ ಇದೆ. ನೆಲ ಸಮವಾಗಿಯೇ ಇದೆ ಎಂದು ಗಾದೆ ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಿರುತ್ತದೆ. ಕುಣಿಯಲು ಬರುವವಳೂ ಅಲ್ಲಿ ಎಡವುತ್ತಾಳೆ. ಹೊರಗೆ ಕೂತು ಗಾದೆ ಹೇಳುವವನಿಗೆ ಅದು ಗೊತ್ತಾಗುವುದಿಲ್ಲ, ಕಾಲಿಟ್ಟವಳಿಗೆ ಗೊತ್ತಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳೋಣ: ನೆಲ ಡೊಂಕು ಎನ್ನುವವಳ ಮಾತನ್ನು ಯಾವಾಗ ನಂಬಬೇಕು? ತನ್ನ ಮಾತನ್ನು ತಾನೇ ಯಾವಾಗ ನಂಬಬೇಕು?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ಕಲಬುರಗಿ ಜಿಲ್ಲೆಯ ಮರತೂರಿನವನು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಭಿಮಾನ ಅಲ್ಲಿಯೂ ಇದೆ ಅನ್ನಿ. ಆ ಸ್ಮೃತಿಯ ವ್ಯವಹಾರ ಭಾಗದಲ್ಲಿ ಯಾರು ಸಾಕ್ಷಿಯಾಗಬಹುದು, ಯಾರು ಆಗಬಾರದು ಎಂಬ ಚರ್ಚೆ ಬರುತ್ತದೆ. ಆಗಬಾರದವರ ಪಟ್ಟಿಯಲ್ಲಿ ವೈರಿ ಇದ್ದಾನೆ, ಅದು ಸಹಜ. ಅವನ ಜೊತೆಗೆ ಆಪ್ತನೂ ಇದ್ದಾನೆ, ವ್ಯವಹಾರದಲ್ಲಿ ಪಾಲಿರುವವನೂ ಇದ್ದಾನೆ, ನೆರವಿಗೆ ನಿಲ್ಲುವವನೂ ಇದ್ದಾನೆ. ದ್ವೇಷ ಕಣ್ಣು ಕೆಡಿಸುತ್ತದೆ ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಪ್ರೀತಿಯೂ ಅಷ್ಟೇ ಕೆಡಿಸುತ್ತದೆ ಎಂದು ಆ ಪಟ್ಟಿ ಹೇಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತನ್ನೇ ಅದು ನ್ಯಾಯಸ್ಥಾನದ ಭಾಷೆಯಲ್ಲಿ ಹೇಳಿದೆ.

ಅದೇ ಸಂದರ್ಭದಲ್ಲಿ ಇನ್ನೆರಡು ಮಾತುಗಳಿವೆ. ಸಾಕ್ಷಿಗಳು ಸಾಮಾನ್ಯವಾಗಿ ಹಲವರಿರಬೇಕು. ಆದರೆ ಎರಡೂ ಪಕ್ಷದವರು ಒಪ್ಪಿದ, ಧರ್ಮ ಬಲ್ಲ ವ್ಯಕ್ತಿಯಾದರೆ ಒಬ್ಬನೇ ಸಾಕು. ಇದು ಅಂಪೈರ್‌ನ ವ್ಯಾಖ್ಯಾನದಂತೆಯೇ ಇದೆ. ಇಂಗ್ಲಿಷಿನ ಆ ಪದದ ಮೂಲವೂ ಹಳೆಯ ಫ್ರೆಂಚಿನಲ್ಲಿ 'ಜೋಡಿಯಲ್ಲದವನು' ಎಂಬ ಅರ್ಥದ್ದು. ಇಬ್ಬರ ನಡುವೆ ಯಾರ ಜೋಡಿಯೂ ಅಲ್ಲದ ಮೂರನೆಯವನು. ಎರಡನೆಯ ಮಾತು ಇನ್ನೂ ಮುಖ್ಯವಾದದ್ದು. ಕಳವು, ಹಲ್ಲೆ, ಬಲಾತ್ಕಾರದಂಥ ಪ್ರಸಂಗಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು. ಅನ್ಯಾಯ ದೊಡ್ಡದಾದಾಗ, ಅದು ನಡೆದ ಜಾಗದಲ್ಲಿ ಯೋಗ್ಯ ಸಾಕ್ಷಿಯನ್ನು ಹುಡುಕಿಕೊಂಡು ಕೂರಲು ಆಗುವುದಿಲ್ಲ. ಆಗ ಆಪ್ತನ ಮಾತನ್ನೂ ಕೇಳಲೇಬೇಕು. ಪಕ್ಷಪಾತಿಯ ಮಾತು ಸಂಶಯಾಸ್ಪದ, ಆದರೆ ಅದನ್ನು ಎಂದೂ ಕೇಳಬಾರದೆಂದಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಕಷ್ಟದ ಕೆಲಸ.

ಅಭಿಮಾನಿಯ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವಿದೆ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಲಯಗಳ ನಡುವೆ ಅವರ ಬಗೆಯ ಫುಟ್‌ಬಾಲ್ ಪಂದ್ಯ ನಡೆಯಿತು. ಬಹಳ ಒರಟಾದ ಆಟ. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು ಮುರಿಯಿತು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪಂದ್ಯದ ಒಂದೇ ಫಿಲ್ಮ್ ತೋರಿಸಿ, ನಿಯಮ ಮುರಿದದ್ದು ಕಂಡಾಗಲೆಲ್ಲ ಗುರುತು ಮಾಡಿ ಎಂದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಕಂಡವು. ಫಿಲ್ಮ್ ಒಂದೇ, ಕೂತ ಕೋಣೆಯಲ್ಲಿ ಗಲಾಟೆ ಇರಲಿಲ್ಲ, ಸೋಲು ಗೆಲುವು ಆಗಲೇ ಮುಗಿದ ವಿಷಯ. ಆದರೂ ಇಬ್ಬರು ಕಂಡದ್ದು ಬೇರೆ ಬೇರೆ ಆಟ. 1954ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವುದು ಇಷ್ಟು: ಆ ಹುಡುಗರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಬರೆದರು.

ನಮ್ಮ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಣದ ಸುತ್ತ ಜನ ಕಿಕ್ಕಿರಿದು ಕೂತಿರುತ್ತಾರೆ. ಪೈಲ್ವಾನನ ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ ಎಂಬ ಗಳಿಗೆಯಲ್ಲಿ ಒಂದು ಕಡೆ ಕೂತವರಿಗೆ ಒಂದು ಭುಜ ಕಾಣುತ್ತದೆ, ಇನ್ನೊಂದು ಕಡೆ ಕೂತವರಿಗೆ ಇನ್ನೊಂದು. "ಚಿತ್ ಆಗ್ಯಾದ!" ಎಂದು ಅರ್ಧ ಕಣ ಎದ್ದು ನಿಲ್ಲುತ್ತದೆ, "ಆಗಿಲ್ಲ!" ಎಂದು ಉಳಿದರ್ಧ. ಇಬ್ಬರೂ ಪ್ರಾಮಾಣಿಕರೇ. ತಪ್ಪು ಶುರುವಾಗುವುದು ತಾನು ಕಂಡ ಒಂದು ಭುಜವನ್ನೇ ಎರಡೂ ಭುಜ ಎಂದು ಎಣಿಸಿದಾಗ. ಹೀಗಾಗಿ ಅಭಿಮಾನಿಗೆ 'ಪ್ರಾಮಾಣಿಕನಾಗಿರು' ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಅವನು ಆಗಲೇ ಪ್ರಾಮಾಣಿಕ. ಕೇಳಬೇಕಾದದ್ದು ಬೇರೆ: ನೀನು ಯಾವ ಕಡೆ ಕೂತಿದ್ದೀ ಎಂಬುದು ನಿನಗೆ ನೆನಪಿದೆಯೇ?

ಕನ್ನಡದ ಕ್ರಿಕೆಟ್ ಅಭಿಮಾನಿಗಳು ಮರೆಯದ ಒಂದು ಅಂಪೈರಿಂಗ್ ತಪ್ಪು 2019ರ ಮಾರ್ಚ್ 28ರದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ 187 ರನ್ ಮಾಡಿತ್ತು. ಬೆಂಗಳೂರು ತಂಡಕ್ಕೆ ಗೆಲ್ಲಲು ಕೊನೆಯ ಚೆಂಡಿನಲ್ಲಿ 7 ರನ್ ಬೇಕಿತ್ತು. ಮಾಲಿಂಗ ಹಾಕಿದ ಚೆಂಡಿಗೆ ರನ್ ಬರಲಿಲ್ಲ, ಪಂದ್ಯ ಮುಗಿಯಿತು, ಆಟಗಾರರು ಕೈಕುಲುಕಿದರು. ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಮಾಲಿಂಗರ ಕಾಲು ಗೆರೆ ದಾಟಿದ್ದು ಎಲ್ಲರಿಗೂ ಕಂಡಿತು. ಅದು ನೋಬಾಲ್. ಒಂದು ರನ್ ಮತ್ತು ಒಂದು ಫ್ರೀ ಹಿಟ್ ಸಿಗಬೇಕಿತ್ತು. ಅಂದು ಅಂಪೈರ್ ಆಗಿದ್ದ ಎಸ್. ರವಿ ಆಗ ಐಸಿಸಿಯ ಅತ್ಯುನ್ನತ ಅಂಪೈರ್‌ಗಳ ಪಟ್ಟಿಯಲ್ಲಿದ್ದ ಏಕೈಕ ಭಾರತೀಯ. ನಾವು ಐಪಿಎಲ್ ಮಟ್ಟದಲ್ಲಿ ಆಡುತ್ತಿದ್ದೇವೆ, ಕ್ಲಬ್ ಕ್ರಿಕೆಟ್ ಅಲ್ಲ ಎಂಬ ಅರ್ಥದ ಮಾತನ್ನು ವಿರಾಟ್ ಕೊಹ್ಲಿ ಸಿಟ್ಟಿನಿಂದ ಆಡಿದರು. ಅಭಿಮಾನಿಗಳ ದೂರು ನೂರಕ್ಕೆ ನೂರು ಸರಿಯಾಗಿತ್ತು. ನೆಲ ಡೊಂಕಿತ್ತು.

ಆದರೆ ಅದೇ ರಾತ್ರಿ ಗೆದ್ದ ತಂಡದ ನಾಯಕ ರೋಹಿತ್ ಶರ್ಮ ಆಡಿದ ಮಾತು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಇಂಥ ತಪ್ಪು ಆಟಕ್ಕೆ ಒಳ್ಳೆಯದಲ್ಲ ಎಂದು ಅವರೂ ಹೇಳಿದರು. ಅದರ ಜೊತೆಗೆ, ಅದಕ್ಕೂ ಮುಂಚಿನ ಓವರಿನಲ್ಲಿ ಬುಮ್ರಾ ಹಾಕಿದ, ವೈಡ್ ಅಲ್ಲದ ಒಂದು ಚೆಂಡನ್ನು ವೈಡ್ ಎಂದು ಕೊಟ್ಟದ್ದನ್ನೂ ನೆನಪಿಸಿದರು. ಆ ತಪ್ಪಿನ ಲಾಭ ಬೆಂಗಳೂರಿಗೆ ಆಗಿತ್ತು. ಮಾಲಿಂಗರ ಕಾಲು ವರ್ಷಗಟ್ಟಲೆ ನಮ್ಮ ಕಣ್ಣಮುಂದೆ ಉಳಿಯಿತು; ಆ ವೈಡ್ ಮರುದಿನ ಬೆಳಗಾಗುವಷ್ಟರಲ್ಲಿ ಮರೆತುಹೋಯಿತು. ಕೊನೆಯ ಚೆಂಡಿನ ತಪ್ಪು ಹೆಚ್ಚು ಭಾರವಾದದ್ದು ಎಂದು ವಾದಿಸಬಹುದು. ಒಪ್ಪೋಣ. ಆದರೆ ಮರೆತದ್ದು ಭಾರ ಕಡಿಮೆ ಇದ್ದುದರಿಂದಲೋ, ನಮ್ಮ ಕಡೆ ವಾಲಿದ್ದರಿಂದಲೋ? ನಮ್ಮ ಪರವಾಗಿ ಆದ ತಪ್ಪಿಗೆ ನಾವು ಇಡುವ ಹೆಸರು 'ಅದೃಷ್ಟ'. ನಮ್ಮ ವಿರುದ್ಧ ಆದದ್ದಕ್ಕೆ 'ಮೋಸ'. ಒಂದೇ ಜಾತಿಯ ಎರಡು ಘಟನೆಗಳಿಗೆ ಹೀಗೆ ಎರಡು ಹೆಸರಿಟ್ಟಾಗಲೇ ಲೆಕ್ಕದ ಪುಸ್ತಕ ಕೆಟ್ಟಿತು.

ಇನ್ನೂ ಕಷ್ಟದ ಉದಾಹರಣೆ ಅದೇ ವರ್ಷದ ಜನವರಿಯದು. ರಣಜಿ ಸೆಮಿಫೈನಲ್, ಅದೇ ಚಿನ್ನಸ್ವಾಮಿ, ಕರ್ನಾಟಕಕ್ಕೆ ಎದುರಾಳಿ ಸೌರಾಷ್ಟ್ರ. ಗೆಲ್ಲಲು 279 ರನ್ ಬೇಕಿದ್ದ ಸೌರಾಷ್ಟ್ರ ಮೊದಲ ಮೂರು ವಿಕೆಟ್‌ಗಳನ್ನು ಬಹಳ ಬೇಗ ಕಳೆದುಕೊಂಡಿತ್ತು. ಚೇತೇಶ್ವರ ಪೂಜಾರ 34 ರನ್ ಮಾಡಿದ್ದಾಗ ವಿನಯ್ ಕುಮಾರ್ ಹಾಕಿದ ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ಕೈಸೇರಿತು. ಅಂಪೈರ್ ಔಟ್ ಕೊಡಲಿಲ್ಲ, ಪೂಜಾರ ನಿಂತಲ್ಲಿಂದ ಕದಲಲಿಲ್ಲ. ಮುಂದೆ ಅವರು ಔಟಾಗದೆ 131 ರನ್ ಮಾಡಿ ಸೌರಾಷ್ಟ್ರವನ್ನು ಐದು ವಿಕೆಟ್‌ಗಳಿಂದ ಗೆಲ್ಲಿಸಿದರು. ಭಾರತಕ್ಕಾಗಿ ಆಗಷ್ಟೇ ಆಸ್ಟ್ರೇಲಿಯಾದಲ್ಲಿ ಸರಣಿ ಗೆದ್ದುಕೊಟ್ಟು ಬಂದಿದ್ದ ಆಟಗಾರನನ್ನು ಬೆಂಗಳೂರಿನ ಪ್ರೇಕ್ಷಕರು "ಚೀಟರ್, ಚೀಟರ್" ಎಂದು ಕೂಗಿ ಹೀಯಾಳಿಸಿದರು.

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು ತೀರ್ಪಿನದು: ಅದು ತಪ್ಪಾಗಿತ್ತೇ? ಹೌದು. ಎರಡನೆಯದು ವ್ಯಕ್ತಿಯದು: ಅಂಪೈರ್ ಮೋಸ ಮಾಡಿದರೇ? ಹಾಗೆನ್ನಲು ಯಾವ ಆಧಾರವೂ ಇಲ್ಲ. ವೇಗದ ಚೆಂಡು ಬೌಲರ್ ಕೈಬಿಟ್ಟ ಸುಮಾರು ಅರ್ಧ ಸೆಕೆಂಡಿನಲ್ಲಿ ಬ್ಯಾಟ್ಸ್‌ಮನ್ ಮುಂದಿರುತ್ತದೆ. ಅಷ್ಟರೊಳಗೆ ಅಂಪೈರ್ ಬೌಲರನ ಮುಂಗಾಲು ನೋಡಿ, ಕಣ್ಣೆತ್ತಿ, ಇಪ್ಪತ್ತು ಮೀಟರ್ ಆಚೆ ಬ್ಯಾಟು ಪ್ಯಾಡುಗಳ ನಡುವಿನ ಕೂದಲೆಳೆಯನ್ನು ಗುರುತಿಸಬೇಕು. ಹತ್ತು ಸಲ ನಿಧಾನಗತಿಯಲ್ಲಿ ನೋಡಿದ ನಾವು ಒಂದೇ ಸಲ ನೋಡಿದವನನ್ನು ಕುರುಡ ಎನ್ನುತ್ತೇವೆ. ಮೂರನೆಯದು ಬ್ಯಾಟ್ಸ್‌ಮನ್‌ನದು: ತಾಗಿದ್ದು ಗೊತ್ತಿದ್ದೂ ನಿಂತದ್ದು ಸರಿಯೇ? ಇದು ನಿಜಕ್ಕೂ ವಾದಿಸಬಹುದಾದ ನೈತಿಕ ಪ್ರಶ್ನೆ. ಆದರೆ ಹಾಗೆ ಕೇಳುವವರು ತಮ್ಮ ತಂಡದ ಬ್ಯಾಟ್ಸ್‌ಮನ್ ನಿಂತಾಗಲೂ ಕೇಳಿದ್ದರೆ ಮಾತ್ರ ಅದು ನೈತಿಕ ಪ್ರಶ್ನೆ. ಇಲ್ಲದಿದ್ದರೆ ಬರೀ ಬೈಗುಳ. ತೀರ್ಪು ತಪ್ಪು ಎನ್ನುವುದಕ್ಕೂ ತೀರ್ಪುಗಾರ ಕಳ್ಳ ಎನ್ನುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಸೋತ ಸಂಜೆ ನಾವು ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತೇವೆ.

ಇಷ್ಟೂ ಗದ್ದಲದಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಕಳೆದುಹೋಗುತ್ತದೆ: ನಮ್ಮ ತಂಡ ಹೇಗೆ ಆಡಿತು? ಕರ್ನಾಟಕ ಎರಡನೆಯ ಇನಿಂಗ್ಸ್‌ನಲ್ಲಿ 239ಕ್ಕೆ ಆಲೌಟ್ ಆಗಿತ್ತು. ಪೂಜಾರ ಜೊತೆ ನಿಂತು ಶೆಲ್ಡನ್ ಜಾಕ್ಸನ್ ಬಾರಿಸಿದ ನೂರು ರನ್ನಿಗೆ ಯಾವ ಅಂಪೈರ್ ಕಾರಣ? ಇಬ್ಬರೂ ಸೇರಿ ಇನ್ನೂರಕ್ಕೂ ಹೆಚ್ಚು ರನ್ ಕೂಡಿಸುವಾಗ ಇನ್ನೊಂದು ತುದಿಯ ವಿಕೆಟ್ ತೆಗೆಯಲು ನಮಗೆ ಯಾರೂ ಅಡ್ಡ ಬಂದಿರಲಿಲ್ಲ. ಮುಂದಿನ ಋತುವಿನ ರಣಜಿ ಸೆಮಿಫೈನಲ್‌ಗಳಿಗೆ ಸೀಮಿತ ರೂಪದಲ್ಲಿ ಡಿಆರ್‌ಎಸ್ ಬಂತು. 2020ರ ಮಾರ್ಚಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಆ ಸೆಮಿಫೈನಲ್‌ನಲ್ಲಿ ಕರ್ನಾಟಕ ಬಂಗಾಳಕ್ಕೆ 174 ರನ್‌ಗಳಿಂದ ಸೋತಿತು. ನೆಲವನ್ನು ಕೊಂಚ ಸಮ ಮಾಡಿಕೊಟ್ಟರೂ ಕುಣಿಯಲು ಬರಬೇಕಲ್ಲ. ಗಾದೆಗೂ ಅದರ ದಿನ ಇರುತ್ತದೆ.

2021ರ ಜನವರಿಯಲ್ಲಿ ಬ್ರಿಸ್ಬೇನಿನ ಕೊನೆಯ ದಿನ ಅದೇ ಪೂಜಾರ ಮೈಯೆಲ್ಲ ಚೆಂಡು ಬಡಿಸಿಕೊಂಡು 211 ಎಸೆತ ಎದುರಿಸಿ ನಿಂತಾಗ ದೇಶದ ಜೊತೆ ಕರ್ನಾಟಕವೂ ಕೈಮುಗಿಯಿತು. ಆಗ ಅವನ ಜಿಗುಟುತನ ಗುಣವಾಗಿ ಕಂಡಿತು. ಮನುಷ್ಯ ಬದಲಾಗಿರಲಿಲ್ಲ, ನಾವು ಕೂತ ಜಾಗ ಬದಲಾಗಿತ್ತು.

ಹಾಗೆಯೇ 1999ರ ಫೆಬ್ರುವರಿ 7. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ 74 ರನ್ ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ದಿನ. ಆ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್, ಒಂದು ಕಾಲಕ್ಕೆ ಕರ್ನಾಟಕಕ್ಕೆ ರಣಜಿ ಆಡಿದ್ದವರು. ಕೀಪರ್‌ಗೆ ಕ್ಯಾಚ್ ಎಂದು ಔಟಾದ ಶಾಹಿದ್ ಅಫ್ರಿದಿ ಅಸಮಾಧಾನದಿಂದಲೇ ಮೈದಾನ ಬಿಟ್ಟರು. ಜಯಪ್ರಕಾಶ್ ಪಕ್ಷಪಾತ ಮಾಡಿದರು ಎಂದು ಹೇಳುತ್ತಿಲ್ಲ. ಹಾಗೆ ಹೇಳಲು ಕಾರಣವಿಲ್ಲ. ಕೇಳುತ್ತಿರುವುದು ನಮ್ಮ ಬಗ್ಗೆ. ನಮ್ಮ ಬೌಲರ್ ಹತ್ತು ವಿಕೆಟ್ ತೆಗೆದ ದಿನ ನಮ್ಮ ಊರಿನ ಅಂಪೈರ್ ನಿಂತಿದ್ದರು ಎಂಬುದು ನಮಗೆ ಹೆಮ್ಮೆಯ ಕಾಕತಾಳೀಯ. ಎದುರಿನ ಬೌಲರ್, ಎದುರಿನ ಊರಿನ ಅಂಪೈರ್, ಔಟಾದವರು ನಮ್ಮ ಹತ್ತು ಜನ ಆಗಿದ್ದರೆ? ಆ ಕಾಕತಾಳೀಯಕ್ಕೆ ನಾವು ಏನು ಹೆಸರಿಡುತ್ತಿದ್ದೆವು? ಉತ್ತರ ಎಲ್ಲರಿಗೂ ಗೊತ್ತು.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಏಳಬೇಕು, ಏಳುತ್ತದೆ. ಹೀಗೆಲ್ಲ ಲೆಕ್ಕ ಹಾಕುವವನು ಅಭಿಮಾನಿಯೇ? ಎರಡೂ ಕಡೆ ಸಮವಾಗಿ ನೋಡುವುದೇ ಗುರಿಯಾದರೆ ಪಂದ್ಯ ನೋಡುವುದಾದರೂ ಏತಕ್ಕೆ? ಪ್ರೀತಿ ಎಂದರೆ ವಾಲುವುದು. ತಾಯಿ ತನ್ನ ಮಗುವನ್ನು ಊರಿನ ಎಲ್ಲ ಮಕ್ಕಳಷ್ಟೇ ಪ್ರೀತಿಸಿದರೆ ಅವಳನ್ನು ನ್ಯಾಯವಂತೆ ಎನ್ನುವುದಿಲ್ಲ, ಏನೋ ಕೊರತೆ ಇದೆ ಎನ್ನುತ್ತೇವೆ. ಈ ಆಕ್ಷೇಪ ಸರಿ. ಅಭಿಮಾನಿ ವಾಲಬೇಕು, ಗೆಲ್ಲಲಿ ಎಂದು ಹರಕೆ ಹೊರಬೇಕು, ಸೋತಾಗ ಊಟ ಬಿಡಬೇಕು. ಆದರೆ ತಾಯಿಯ ಉದಾಹರಣೆಯನ್ನೇ ಮುಂದುವರಿಸೋಣ. ಮಗ ಪಕ್ಕದ ಮನೆಯ ಹುಡುಗನ ತಲೆ ಒಡೆದು ಬಂದಾಗ, "ನನ್ನ ಮಗ ಹೊಡೆದೇ ಇಲ್ಲ" ಎನ್ನುವ ತಾಯಿಗೂ, "ಹೊಡೆದಾನ, ನಾನೇ ಬಂದು ನೋಡ್ತೀನಿ ನಡಿ" ಎನ್ನುವ ತಾಯಿಗೂ ಪ್ರೀತಿಯಲ್ಲಿ ವ್ಯತ್ಯಾಸವಿಲ್ಲ. ಹಾರೈಸುವಾಗ ವಾಲುವುದು ಪ್ರೀತಿ. ನಡೆದದ್ದನ್ನು ಹೇಳುವಾಗ ವಾಲುವುದು ಬೇರೆಯೇ ಸಂಗತಿ. 'ನಮ್ಮವರು ಗೆಲ್ಲಲಿ' ಎಂಬುದು ಹಾರೈಕೆ, 'ಅದು ಔಟ್' ಎಂಬುದು ಸಾಕ್ಷ್ಯ. ಹಾರೈಕೆಗೆ ಪುರಾವೆ ಬೇಡ, ಸಾಕ್ಷ್ಯಕ್ಕೆ ಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. 'ನೀನು ಪಕ್ಷಪಾತಿ' ಎಂಬ ಮಾತು ಬಲವುಳ್ಳವರ ಕೈಯಲ್ಲಿ ಒಳ್ಳೆಯ ಆಯುಧ. ಮೇಲೆ ಹೇಳಿದ ಸ್ಮೃತಿಯ ಪಟ್ಟಿಯನ್ನೇ ನೋಡಿ. ಆಪ್ತ ಮತ್ತು ವೈರಿಯ ಜೊತೆ, ಸಾಕ್ಷಿಯಾಗಬಾರದವರ ಸಾಲಿನಲ್ಲಿ ಹೆಂಗಸರನ್ನೂ ಸೇರಿಸಿತ್ತು. ಯಾರ ಕಣ್ಣು ನೆಟ್ಟಗಿದೆ, ಯಾರದು ವಾಲಿದೆ ಎಂದು ತೀರ್ಮಾನಿಸಿದವರು ಯಾರು? ಅನ್ಯಾಯಕ್ಕೆ ಒಳಗಾದವರು ಸಹಜವಾಗಿಯೇ ಆ ವಿಷಯದಲ್ಲಿ ಆಸಕ್ತಿ ಇರುವವರು. ಆ ಕಾರಣಕ್ಕೇ ಅವರ ಮಾತು ಬೇಡ ಎಂದರೆ ಅನ್ಯಾಯವನ್ನು ಹೇಳುವವರೇ ಉಳಿಯುವುದಿಲ್ಲ.

ನಮ್ಮ ಭಾಗಕ್ಕೆ ಇದರ ಅನುಭವವಿದೆ. ಹೈದರಾಬಾದ್ ಕರ್ನಾಟಕವನ್ನು ಕಡೆಗಣಿಸಲಾಗಿದೆ ಎಂದು ಇಲ್ಲಿನವರು ದಶಕಗಳ ಕಾಲ ಹೇಳಿದಾಗ ಕೇಳಿಸಿದ ಉತ್ತರ ಹೆಚ್ಚು ಕಡಿಮೆ ಆ ಗಾದೆಯೇ: ನೀವು ಕುಣಿಯಲು ಕಲಿಯಿರಿ, ನೆಲ ಚೆನ್ನಾಗಿದೆ. ಆಮೇಲೆ ಡಿ.ಎಂ. ನಂಜುಂಡಪ್ಪ ಸಮಿತಿ ಬಂತು. ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ ಮೊದಲಾದ ಅಳತೆಗೋಲುಗಳನ್ನು ಹಿಡಿದು ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಒಂದೇ ರೀತಿ ಅಳೆದು 2002ರಲ್ಲಿ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ್ದು ಇನ್ನೂ ಹತ್ತು ವರ್ಷಗಳ ಮೇಲೆ. ದೂರು ಕೊಟ್ಟವರು ಪಕ್ಷಪಾತಿಗಳೇ ಆಗಿದ್ದರು, ತಮ್ಮ ಊರಿನ ಪರ ವಾಲಿದವರೇ. ಆದರೂ ಅವರು ಹೇಳಿದ್ದು ನಿಜವಾಗಿತ್ತು. ಪಕ್ಷಪಾತಿ ಆದದ್ದರಿಂದಲೇ ಅವರು ದಿನವೂ ಗಮನಿಸಿದ್ದರು. ಬೇರೆಯವರಿಗೆ ಅಲ್ಲಿ ನೋಡುವ ಕಾರಣವೇ ಇರಲಿಲ್ಲ.

ಆಟದಲ್ಲೂ ಹಾಗೆಯೇ. ಮಾಲಿಂಗರ ನೋಬಾಲಿನ ಬಗ್ಗೆ ಅಭಿಮಾನಿಗಳು ಗದ್ದಲ ಎಬ್ಬಿಸದೆ, ಅಂಪೈರೂ ಮನುಷ್ಯ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಮುಂದಿನ ವರ್ಷದ ಐಪಿಎಲ್‌ನಲ್ಲಿ ಮುಂಗಾಲಿನ ನೋಬಾಲ್ ನೋಡುವ ಕೆಲಸ ಮೂರನೆಯ ಅಂಪೈರ್‌ಗೆ ಹೋಯಿತು. ಈಗ ಅದರ ಲಾಭ ಎಲ್ಲ ತಂಡಗಳಿಗೂ ಇದೆ, ಮುಂಬೈಗೂ ಸೇರಿ. ಪಕ್ಷಪಾತದಿಂದ ಹುಟ್ಟಿದ ದೂರು ಎಲ್ಲರಿಗೂ ಅನ್ವಯಿಸುವ ನಿಯಮವಾಗುವುದು ನ್ಯಾಯ ಬೆಳೆಯುವ ಒಂದು ದಾರಿ. ದೂರು ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಎಲ್ಲಿಗೆ ಹೋಗಲು ಸಿದ್ಧವಿದೆ ಎನ್ನುವುದು ಮುಖ್ಯ. 'ನಮಗೆ ಅನ್ಯಾಯವಾಯಿತು' ಎಂದಲ್ಲಿಗೇ ನಿಂತರೆ ಅದು ಅಳಲು. 'ಹೀಗೆ ಯಾರಿಗೂ ಆಗಬಾರದು, ನಮ್ಮ ಎದುರಾಳಿಗೂ' ಎಂದು ಮುಂದೆ ಹೋದರೆ ಅದು ನ್ಯಾಯದ ಮಾತು. ಅಳತೆಗೋಲು ತನ್ನ ಮೇಲೂ ಬೀಳಲಿ ಎನ್ನುವ ಧೈರ್ಯ ಇರುವ ದೂರನ್ನು, ಕೊಟ್ಟವರು ಯಾರೇ ಆಗಿರಲಿ, ಕೇಳಬೇಕು.

ಈ ಧೈರ್ಯ ಹೇಗಿರುತ್ತದೆ ಎಂಬುದನ್ನು ನಮ್ಮವರೇ ಒಬ್ಬರು ತೋರಿಸಿದ್ದಾರೆ. 1980ರ ಫೆಬ್ರುವರಿಯಲ್ಲಿ ಮುಂಬೈಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಒದ್ದಾಡಿದ ಮೇಲೆ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಗೊತ್ತಿತ್ತು. ಅವರು ಅಂಪೈರ್ ಜೊತೆ ಮಾತಾಡಿ ಟೇಲರ್‌ರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ದೊಡ್ಡತನದ ಕಥೆಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅಂಶವಿದೆ. ಅಂಪೈರ್ ತಪ್ಪು ಮಾಡಿದರು ಎಂದು ಅಂದು ವಿಶ್ವನಾಥ್ ಕೂಡ ಹೇಳಿದರು. ಅಂಪೈರ್ ಪ್ರಶ್ನಾತೀತ ಎಂದು ಸುಮ್ಮನಾಗಲಿಲ್ಲ. ಪ್ರತಿ ವಾರ ನಾವೆಲ್ಲ ಮಾಡುವ ಕೆಲಸವನ್ನೇ ಅವರೂ ಮಾಡಿದರು, ಆದರೆ ತಮಗೆ ಲಾಭವಾಗುತ್ತಿದ್ದ ತಪ್ಪಿನ ಬಗ್ಗೆ. ಅವರು ಭಾರತ ಗೆಲ್ಲಲಿ ಎಂದು ಬಯಸುವುದನ್ನು ಬಿಟ್ಟಿರಲಿಲ್ಲ. ಹಾರೈಕೆ ಒಂದು ಕಡೆ ಇಟ್ಟುಕೊಂಡೇ ಸಾಕ್ಷ್ಯವನ್ನು ನೆಟ್ಟಗೆ ಹೇಳಿದರು. ಅದಕ್ಕೆ ತೆತ್ತ ಬೆಲೆ ಸ್ಕೋರ್‌ಬೋರ್ಡಿನಲ್ಲಿ ಇದೆ. ಅಂಥವರು ಮುಂದೆ ಒಂದು ದಿನ 'ನಮಗೆ ಅನ್ಯಾಯವಾಗಿದೆ' ಎಂದರೆ ನಂಬದೆ ಇರಲು ಸಾಧ್ಯವೇ?

ಅಭಿಮಾನಿ ಎಲ್ಲ ಸಲವೂ ವಿಶ್ವನಾಥ್ ಆಗಬೇಕಿಲ್ಲ. ಅವನ ಕೈಯಲ್ಲಿ ಯಾರನ್ನೂ ವಾಪಸ್ ಕರೆಸುವ ಅಧಿಕಾರವಿಲ್ಲ. ಅವನಿಂದ ಆಗುವುದು ಚಹಾ ಕುಡಿಯುತ್ತ ಪಂದ್ಯದ ಲೆಕ್ಕ ಒಪ್ಪಿಸುವಾಗ ಒಂದು ಕ್ರಮ ಇಟ್ಟುಕೊಳ್ಳುವುದು. ಮೊದಲು ನಮ್ಮವರು ಬಿಟ್ಟ ಕ್ಯಾಚುಗಳನ್ನು ಎಣಿಸುವುದು. ಆಮೇಲೆ ನಮ್ಮ ಪರವಾಗಿ ಬಂದ ತಪ್ಪು ತೀರ್ಪುಗಳನ್ನು. ಕೊನೆಗೆ ನಮ್ಮ ವಿರುದ್ಧ ಬಂದವನ್ನು, ಅವನ್ನು ಮಾತ್ರ ಗಟ್ಟಿಯಾಗಿ, ಯಾವ ಸಂಕೋಚವೂ ಇಲ್ಲದೆ. ತೀರ್ಪಿನ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು. ತೀರ್ಪುಗಾರನ ಮನೆತನ, ಜಾತಿ, ಊರುಗಳಿಗೆ ಕೈಹಾಕುವಂತಿಲ್ಲ. ಈ ಕ್ರಮದಲ್ಲಿ ಬಂದ ದೂರು ಸಣ್ಣದಾಗಬಹುದು, ಆದರೆ ಅಲುಗಾಡುವುದಿಲ್ಲ.

ಇದರಿಂದ ಬೆಂಗಳೂರಿಗೋ ಕರ್ನಾಟಕಕ್ಕೋ ಒಂದು ರನ್ನೂ ಹೆಚ್ಚಿಗೆ ಸಿಗುವುದಿಲ್ಲ. ಲಾಭ ಇರುವುದು ಮೈದಾನದ ಹೊರಗೆ. ನಮ್ಮ ಊರುಗಳಲ್ಲಿ ನಾಳೆ ಹೇಳಬೇಕಾದ ದೊಡ್ಡ ದೂರುಗಳು ಇನ್ನೂ ಬಹಳ ಇವೆ: ಮುಚ್ಚಿದ ಶಾಲೆಯದು, ಬಾರದ ಬಸ್ಸಿನದು, ತೊಗರಿಗೆ ಸಿಗದ ಬೆಲೆಯದು. ಪ್ರತಿ ಎಲ್‌ಬಿಡಬ್ಲ್ಯುಗೂ ಮೋಸ ಎಂದು ಕೂಗಿ ದಣಿದ ಗಂಟಲಿಗೆ ನಿಜವಾದ ಮೋಸ ಆದ ದಿನ ಹೊಸ ಪದ ಎಲ್ಲಿಂದ ತರುವುದು? ನೆಲ ಡೊಂಕು ಎಂದು ಹೇಳಬೇಕಾದ ದಿನ ಬಂದೇ ಬರುತ್ತದೆ. ಅಂದು ಕೇಳುವವರು ಗಾದೆ ಹೇಳಿ ಎದ್ದುಹೋಗದೆ, ಮಟ್ಟಗೋಲು ಹಿಡಿದು ನೆಲ ನೋಡಲು ಬರುವಂತೆ ಇರಬೇಕು ನಮ್ಮ ಮಾತು.